ಸಾಲಿನ ಕೊನೆಯ ಪೆಟ್ಟಿಗೆ

ಉರಿಯುವ ಕರ್ಪೂರದ ವಾಸನೆ ಬೇರೆ, ಆರಿದ ಕರ್ಪೂರದ ವಾಸನೆ ಬೇರೆ. ಉರಿಯುವಾಗ ಅದು ದೇವರದ್ದು. ಕಣ್ಣಿಗೊತ್ತಿಕೊಂಡು ಮುಂದೆ ಹೋಗಿಬಿಡುತ್ತೇವೆ. ಆರಿದ ಮೇಲೆ ತಟ್ಟೆಯಲ್ಲಿ ಉಳಿಯುವ ಮಸಿಯ ಕಮಟು ಇದೆಯಲ್ಲ, ಅದು ನನ್ನ ಪಾಲಿಗೆ ನಮ್ಮಪ್ಪನದ್ದು. ಹಾಸನದ ಈ ಮನೆಯಲ್ಲಿ ಸಂಜೆ ಆರತಿ ಮುಗಿಸಿ ತಟ್ಟೆ ಕೆಳಗಿಟ್ಟಾಗಲೆಲ್ಲ ಆ ವಾಸನೆ ಒಂದು ಗಳಿಗೆ ಮೂಗಿಗೆ ಬಡಿಯುತ್ತದೆ. ಅಷ್ಟೇ ಸಾಕು, ನಾನು ಹೊಳೆನರಸೀಪುರದ ನಮ್ಮ ಹಳೇ ಮನೆಯ ಪಡಸಾಲೆಯಲ್ಲಿ, ಹೊಸಿಲ ಪಕ್ಕ, ಬಂದವರು ಬಿಟ್ಟ ಚಪ್ಪಲಿಗಳಿಗೆ ತಾಗಿಕೊಂಡು ಕೂತಿರುತ್ತೇನೆ. ಆ ಮನೆ ಈಗಿಲ್ಲ. ಅದಿದ್ದ ಜಾಗದಲ್ಲಿ ಕೆಳಗೆ ಮೊಬೈಲ್ ಅಂಗಡಿ, ಮೇಲೆ ಟ್ಯೂಷನ್ ಸೆಂಟರು. ಅವ್ವ ರಾಗಿ ಒಣಹಾಕುತ್ತಿದ್ದ ಅಂಗಳದಲ್ಲಿ ಈಗ ಬೈಕುಗಳು ನಿಂತಿರುತ್ತವೆ. ಆ ಕಡೆ ಹೋದಾಗ ನಾನು ಎದುರು ಬದಿಯಲ್ಲೇ ನಡೆಯುತ್ತೇನೆ.

ಹೋದ ವಾರ ಅರಕಲಗೂಡಿನಿಂದ ಮಹೇಶ ಫೋನ್ ಮಾಡಿದ್ದ. ಶಿವಲಿಂಗಯ್ಯ ಮೇಷ್ಟ್ರ ಮಗ. ತಾನೂ ನಾಟಕದ ಮೇಷ್ಟ್ರೇ, ಆದರೆ ಈಗ ನುಡಿಸುವುದು ಕೀಬೋರ್ಡು. "ಸಾವಿತ್ರಕ್ಕ, ಈ ಸಲ ಆಯುಧಪೂಜೆಗೆ ನಿಮ್ಮಪ್ಪಾರ್ ಪೆಟ್ಗೆ ತಂದ್ಕೊಡಿ ಕಣಕ್ಕ. ಮೊದಲ್ನೇ ಜಾಗದಲ್ಲೇ ಇಡಾಣ ಅಂತ ಎಲ್ಲಾ ಮೇಷ್ಟ್ರುಗಳೂ ಸೇರ್ಕಂಡು ತೀರ್ಮಾನ ಮಾಡವ್ರೆ. ಫ್ಲೆಕ್ಸ್‌ಗೂ ಏಳ್ಬುಟ್ಟಾಯ್ತು" ಎಂದ. ಫ್ಲೆಕ್ಸಿನಲ್ಲಿ ಏನು ಹಾಕಿಸುತ್ತಿದ್ದಾರೆಂದು ಕೇಳಿದೆ. "ಸಾವಿರ ಮಟ್ಟುಗಳ ಸರದಾರ ರಂಗಪ್ಪ ಮೇಷ್ಟ್ರು" ಎಂದು ಹಿಗ್ಗಿನಿಂದ ಓದಿ ಹೇಳಿದ. ಅಯ್ಯೋ ಪಾಪ, ಅವನ ತಪ್ಪೇನೂ ಇಲ್ಲ. ಆ ಸರದಾರನನ್ನು ಇವರೆಲ್ಲ ಎಲ್ಲಿ ಕೂರಿಸಿದ್ದರು ಅನ್ನುವುದು ಅವನಿಗೆ ಹೇಗೆ ಗೊತ್ತಾಗಬೇಕು? ನಾಳೆ ಹೇಳುತ್ತೇನಪ್ಪ ಎಂದು ಫೋನಿಟ್ಟೆ. ಆ ನಾಳೆ ಬರುವುದಕ್ಕೆ ಎಂಟು ದಿನ ಹಿಡಿಯಿತು.

ನಾಟಕದ ಮೇಷ್ಟ್ರು ಅಂದರೆ ನಿಮಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ನಮ್ಮ ಕಡೆ ಹಳ್ಳಿಗಳ ಅರ್ಧ ಸುಖ ನಿಮಗೆ ತಪ್ಪಿತು. ಸುಗ್ಗಿ ಮುಗಿದ ಮೇಲೆ ಊರಿನವರೆಲ್ಲ ಸೇರಿ ಪೌರಾಣಿಕ ನಾಟಕ ಕಟ್ಟುತ್ತಾರೆ. ಗದ್ದೆ ಉಳುವವನು ರಾಜ, ಹಾಲು ಕರೆಯುವವನು ದೇವರು, ತೆಂಗಿನಕಾಯಿ ಮಂಡಿಯವನು ಮಂತ್ರಿ. ಇವರಿಗೆಲ್ಲ ತಿಂಗಳುಗಟ್ಟಲೆ ಮಾತು ಕಲಿಸಿ, ಹಾಡು ಕಲಿಸಿ, ಬಣ್ಣ ಹಚ್ಚಿಸಿ ನಿಲ್ಲಿಸಿ, ತಾನು ರಂಗದ ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದು ಕೂರುವವನೇ ಮೇಷ್ಟ್ರು. ಹಾರ್ಮೋನಿಯಂ ಅಂತ ಯಾರೂ ಅನ್ನುತ್ತಿರಲಿಲ್ಲ. ಪೆಟ್ಟಿಗೆ ಅಂತಲೇ ಹೆಸರು. ಕಾಲಲ್ಲಿ ತುಳಿದು ಗಾಳಿ ತುಂಬುವ ದೊಡ್ಡ ಪೆಟ್ಟಿಗೆ, ಮಡಚಿದರೆ ಟ್ರಂಕಿನ ಹಾಗಾಗಿ ಬಸ್ಸಿನ ಮೇಲೇರುತ್ತಿತ್ತು. ಅಪ್ಪ ಅದನ್ನು ಹೊರಿಸಿಕೊಂಡು ರಾಮನಾಥಪುರ, ಮಲ್ಲಿಪಟ್ಟಣ, ಚನ್ನರಾಯಪಟ್ಟಣದ ಆಚೆಯ ಊರುಗಳವರೆಗೂ ಹೋಗುತ್ತಿದ್ದ. ಹೋದಲ್ಲೆಲ್ಲ ಒಂದೇ ಬೇಡಿಕೆ: "ಓದ್ ವರ್ಸ ಪಕ್ಕದೂರವ್ರು ಆಡಿದ್ ಮಟ್ಟು ನಮಗ್ ಬ್ಯಾಡ ಸಾ, ವಸಾದ್ ಮಾಡ್ಕೊಡಿ." ಮಟ್ಟು ಅಂದರೆ ಹಾಡಿನ ಧಾಟಿ. ಪದ ಅದೇ, ಕಥೆ ಅದೇ, ಪಾತ್ರ ಅದೇ. ಮಟ್ಟು ಮಾತ್ರ ಊರಿಗೊಂದು ಹೊಸದು ಬೇಕು. ಬೇರೆ ಮೇಷ್ಟ್ರುಗಳು ಗದರಿಸಿ ಇದ್ದುದನ್ನೇ ಕಲಿಸಿ ಬರುತ್ತಿದ್ದರು. ಅಪ್ಪನಿಗೆ ಇಲ್ಲ ಅನ್ನುವುದಕ್ಕೆ ಬಾಯಿ ಬರುತ್ತಿರಲಿಲ್ಲ. ಊರಿಗೊಂದು ಮಾಡಿದ, ಪಾತ್ರಕ್ಕೊಂದು ಮಾಡಿದ, ಕೊನೆಗೆ ಗಂಟಲಿಗೊಂದು ಮಾಡಿದ.

ಗಂಟಲಿಗೊಂದು ಅಂದೆನಲ್ಲ, ಅದೇ ಅವನ ವಿದ್ಯೆ. ಮಲ್ಲಿಪಟ್ಟಣದ ಬೋರೇಗೌಡ ಅನ್ನುವವರಿಗೆ ರಾಜಾಪಾರ್ಟು ಮಾಡುವ ಆಸೆ. ಆಳು ನೋಡಿದರೆ ರಾಜನೇ, ಬಾಯಿ ಬಿಟ್ಟರೆ ನಾಲ್ಕೇ ಸ್ವರ. ಐದನೆಯದಕ್ಕೆ ಏರಿಸಿದರೆ ಕೀರಲು ಹೊರಡುತ್ತಿತ್ತು. ಬೇರೆಯವರಾಗಿದ್ದರೆ ಈಟಿ ಕೊಟ್ಟು ಬಾಗಿಲಲ್ಲಿ ನಿಲ್ಲು ಅನ್ನುತ್ತಿದ್ದರು. ಅಪ್ಪ ಮೂರು ದಿನ ಮನೆಯಲ್ಲಿ ಗುನುಗಿಕೊಂಡು ತಿರುಗಿದ. ಸಾರಿಗೆ ಉಪ್ಪು ಬಿದ್ದಿಲ್ಲ ಅನ್ನುವುದೂ ತಿಳಿಯದೆ ಉಂಡು ಎದ್ದ. ಅವ್ವ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿ, "ನಿಮ್ಮಪ್ಪುನ್ ಗಂಟ್ಲೊಳಗೆ ಯಾರೋ ಬಂದು ಕುಂತವ್ರೆ, ಮಾತಾಡಿಸ್ಬ್ಯಾಡ" ಎಂದಳು. ನಾಲ್ಕನೆಯ ದಿನ ಬೆಳಿಗ್ಗೆ, ಒಲೆ ಮೇಲೆ ನೀರು ಕಾಯುತ್ತಿರುವಾಗ, ಮಟ್ಟು ಬಂತು. ನಾಲ್ಕೇ ಸ್ವರದೊಳಗೆ ಸುತ್ತುವ ಮಟ್ಟು. ಅದರಲ್ಲಿ ರಾಜ ಕೂಗುವುದೇ ಇಲ್ಲ. ಸೋತ ಮೇಲೆ ತನಗೆ ತಾನೇ ಹೇಳಿಕೊಳ್ಳುತ್ತಾನೆ. ನಾಟಕದ ದಿನ ಬೋರೇಗೌಡರು ಅದನ್ನು ಹಾಡಿದಾಗ ಅವರ ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ಅತ್ತರಂತೆ. ಇಪ್ಪತ್ತು ವರ್ಷ ಸಂಸಾರ ಮಾಡಿದ ಗಂಡನ ದನಿ ಅವರಿಗೆ ಅವತ್ತೇ ಕೇಳಿಸಿದ್ದು. ಮರುವರ್ಷ ಅದೇ ಮಟ್ಟನ್ನು ಶಿವಲಿಂಗಯ್ಯ ಮೇಷ್ಟ್ರು ರಾಮನಾಥಪುರದಲ್ಲಿ ಹಾಡಿಸಿದರು. ಈಗಲೂ ಆ ಸೀಮೆಯಲ್ಲಿ ಅದನ್ನು ಶಿವಲಿಂಗಯ್ಯ ಮೇಷ್ಟ್ರ ಮಟ್ಟು ಅಂತಲೇ ಕರೆಯುತ್ತಾರೆ. ಅವ್ವ ರೇಗಿದರೆ ಅಪ್ಪ ನಗುತ್ತಿದ್ದ. "ಓಗ್ಲಿ ಬುಡು, ಇನ್ನೊಂದ್ ಮಾಡಿದ್ರಾಯ್ತು" ಅನ್ನುತ್ತಿದ್ದ.

ಈ ಶಿವಲಿಂಗಯ್ಯ ಮೇಷ್ಟ್ರು ಜೀವಮಾನದಲ್ಲಿ ಮಾಡಿದ ಮಟ್ಟುಗಳನ್ನು ಎರಡು ಕೈಯ ಬೆರಳಲ್ಲಿ ಎಣಿಸಿಬಿಡಬಹುದಿತ್ತು. ಮೈಸೂರಿನಲ್ಲಿ ಸ್ವಲ್ಪ ಕಾಲ ಸಂಗೀತ ಪಾಠ ಹೇಳಿಸಿಕೊಂಡವರು, ರಾಗದ ಹೆಸರು ಬಲ್ಲವರು, ಮಾತು ಕಡಿಮೆ. ಮಾತು ಕಡಿಮೆ ಇದ್ದವರನ್ನು ನಮ್ಮ ಜನ ದೊಡ್ಡವರು ಅಂದುಕೊಳ್ಳುತ್ತಾರೆ. ಅಪ್ಪನಂತೂ ಅವರನ್ನು ದೇವರ ಹಾಗೆ ಕಂಡ. ಊರೂರಿನ ಜನ ಅಪ್ಪನಿಗೆ ಶಾಲು ಹೊದಿಸಿದ್ದರು, ಹಾರ ಹಾಕಿದ್ದರು. ಅವೆಲ್ಲ ಅವನಿಗೆ ತಾಗುತ್ತಲೇ ಇರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಒಂದೇ ಒಂದು. ಮೇಷ್ಟ್ರುಗಳೆಲ್ಲ ಸೇರಿದ ಕಡೆ, ಶಿವಲಿಂಗಯ್ಯನವರ ಬಾಯಿಂದ, 'ರಂಗಪ್ಪನ ಪೆಟ್ಟಿಗೆ ಮುಂದಕ್ಕೆ ತನ್ನಿ' ಅನ್ನುವ ಒಂದು ಮಾತು.

ಆ ಮಾತು ಬರಬೇಕಾಗಿದ್ದ ದಿನ ಆಯುಧಪೂಜೆ. ಆ ದಿನ ಸುತ್ತಿನ ತಾಲ್ಲೂಕುಗಳ ಮೇಷ್ಟ್ರುಗಳೆಲ್ಲ ತಮ್ಮ ತಮ್ಮ ಪೆಟ್ಟಿಗೆ ಹೊತ್ತು ನಮ್ಮ ಮನೆಗೆ ಬರುತ್ತಿದ್ದರು. ಹದಿನಾಲ್ಕು ಪೆಟ್ಟಿಗೆ ಸೇರಿದ್ದನ್ನು ನಾನೇ ಎಣಿಸಿದ್ದೇನೆ. ಪಡಸಾಲೆಯಲ್ಲಿ ದೇವರ ಗೂಡಿನಿಂದ ಹೊಸಿಲವರೆಗೆ ಜಮಖಾನ ಹಾಸಿ ಪೆಟ್ಟಿಗೆಗಳನ್ನು ಸಾಲಾಗಿ ಇಡುವುದು. ಎಲ್ಲರಿಗಿಂತ ದೊಡ್ಡ ಕಲಾವಿದ ಯಾರು ಅಂತ ಮೇಷ್ಟ್ರುಗಳು ಒಪ್ಪುತ್ತಾರೋ ಅವರದು ದೇವರ ಪಕ್ಕ, ಆಮೇಲೆ ಎರಡನೆಯವರು, ಆಮೇಲೆ ಮೂರನೆಯವರು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಒಬ್ಬರು ಇನ್ನೊಬ್ಬರ ಪೆಟ್ಟಿಗೆಯ ಹಿಡಿ ಹಿಡಿದು ಮುಂದಕ್ಕೆ ಸರಿಸುವುದು, ಅವರು ಬೇಡ ಬೇಡ ಅಂತ ಹಿಂದಕ್ಕೆ ಎಳೆಯುವುದು, ಹೀಗೆ ಅರ್ಧ ಗಂಟೆ ಜಮಖಾನದ ಮೇಲೆ ಎಳೆದಾಟ ನಡೆದು ಸಾಲು ತನಗೆ ತಾನೇ ನಿಲ್ಲುತ್ತಿತ್ತು. ಅದೇ ಆ ವರ್ಷದ ತೀರ್ಪು. ಮಂಗಳಾರತಿ ಆ ಸಾಲಿನಲ್ಲೇ ಹೋಗಬೇಕು, ಊಟವಾದ ಮೇಲೆ ನುಡಿಸುವುದೂ ಆ ಸಾಲಿನಲ್ಲೇ. ಮೊದಲ ವರ್ಷ ಅಪ್ಪ ತಾನು ಮನೆಯವನು, ಬಂದವರು ನೆಂಟರು ಅಂದುಕೊಂಡು ತನ್ನ ಪೆಟ್ಟಿಗೆಯನ್ನು ಎಲ್ಲರಿಗಿಂತ ಕೊನೆಯಲ್ಲಿ, ಹೊಸಿಲ ಹತ್ತಿರ ಇಟ್ಟ. ಮನೆಯವನು ಬಡಿಸಿ ಆಮೇಲೆ ತಾನೆ ಉಣ್ಣುವುದು, ಹಾಗೆ. ಎಲ್ಲರೂ ಮೆಚ್ಚಿದರು. ಎರಡನೆಯ ವರ್ಷವೂ ಹಾಗೇ ಇಟ್ಟ. ಮೂರನೆಯ ವರ್ಷ ಬಂದವರೇ ಹೊಸಿಲ ಹತ್ತಿರ ಒಂದು ಪೆಟ್ಟಿಗೆಯಷ್ಟು ಜಾಗ ಬಿಟ್ಟು ಸಾಲು ಹಚ್ಚಿದರು. ಆವತ್ತೇ ಅವನು ಎದ್ದು, 'ಇದು ಮರ್ಯಾದೆಗೆ ಇಟ್ಟಿದ್ದು ಕಣ್ರಪ್ಪ, ನನ್ನ ಯೋಗ್ಯತೆ ಅಂತಲ್ಲ' ಅನ್ನಬೇಕಾಗಿತ್ತು. ಅನ್ನಲಿಲ್ಲ. ಅನ್ನುವ ಆಸಾಮಿಯಲ್ಲ ಅವನು.

ಮಂಗಳಾರತಿ ತಟ್ಟೆ ಹಿಡಿಯುತ್ತಿದ್ದದ್ದು ಅಪ್ಪನೇ. ಒಂದೊಂದು ಪೆಟ್ಟಿಗೆಗೂ ಮೂರು ಸುತ್ತು, ಅದರ ಮೇಷ್ಟ್ರು ಕಣ್ಣಿಗೊತ್ತಿಕೊಳ್ಳುವವರೆಗೂ ಕಾಯುವುದು, ಆಮೇಲೆ ಮುಂದಕ್ಕೆ. ಹದಿಮೂರು ಪೆಟ್ಟಿಗೆ ದಾಟಿ ಹೊಸಿಲ ಹತ್ತಿರ ಬರುವ ಹೊತ್ತಿಗೆ ಕರ್ಪೂರ ಆರಿಹೋಗಿರುತ್ತಿತ್ತು. ಇನ್ನೊಂದು ಬಿಲ್ಲೆ ಹಾಕ್ಲಾ ಅಂತ ಅವ್ವ ಒಳಗಿಂದ ಕೇಳಿದರೆ, "ಸಾಕ್ ಬುಡು, ಬಿಸಿ ಅದೆ" ಅನ್ನುತ್ತ ಕರಿ ತಟ್ಟೆಯನ್ನೇ ತನ್ನ ಪೆಟ್ಟಿಗೆಗೆ ಸುತ್ತಿ ಇಳಿಸುತ್ತಿದ್ದ. ಒಬ್ಬಟ್ಟಿನ ಊಟವಾಗಿ, ಎಲೆಅಡಿಕೆ ಹಾಕಿಕೊಂಡು, ಒಬ್ಬೊಬ್ಬರಾಗಿ ನುಡಿಸುತ್ತ ಬಂದರೆ ಹನ್ನೊಂದನೆಯವರು ಮುಗಿಸುವಷ್ಟರಲ್ಲಿ ಅರಕಲಗೂಡಿನ ಬಸ್ಸಿಗೆ ಹೊತ್ತಾಗುತ್ತಿತ್ತು. ಅಪ್ಪ ಪೆಟ್ಟಿಗೆಗೆ ಕೈಯಿಟ್ಟಾಗ ಜನ ಎದ್ದು ನಿಂತು ಪಂಚೆ ಕೊಡವಿಕೊಳ್ಳುತ್ತಿರುತ್ತಿದ್ದರು.

ಹೊಗಳಿಕೆಗೆ ಮಾತ್ರ ಬರವಿರಲಿಲ್ಲ. ಅದನ್ನು ಹೇಳದಿದ್ದರೆ ಸುಳ್ಳಾಗುತ್ತದೆ. ಚನ್ನರಾಯಪಟ್ಟಣದ ತಿಮ್ಮಯ್ಯ ಮೇಷ್ಟ್ರು, ಹೊಟ್ಟೆ ಕುಲುಕಿಸಿ ನಗುವ ಮನುಷ್ಯ, ಎಲೆಗೆ ಸುಣ್ಣ ಸವರುತ್ತಲೇ ಶುರು ಮಾಡುತ್ತಿದ್ದರು. "ನಮ್ದೆಲ್ಲ ಒಟ್ಟಾಕಿದ್ರೂ ರಂಗಪ್ಪುನ್ ಅರ್ಧಕ್ ಬರಕಿಲ್ಲ ಕಣ್ರಲಾ. ಊಟೆ ಅಂದ್ರೆ ನೀರಿನ್ ಊಟೆ! ಬತ್ತಾದೇ ಇಲ್ಲ ಮುಂಡೇದು!" ಎಲ್ಲರೂ ಹೌದು ಹೌದು ಅನ್ನುತ್ತಿದ್ದರು. ಇನ್ನೊಬ್ಬರು ಅಪ್ಪ ಒಂದೇ ಮಧ್ಯಾಹ್ನ ಒಂದಿಡೀ ನಾಟಕಕ್ಕೆ ಮಟ್ಟು ಹಾಕಿದ ಕಥೆ ಎತ್ತುತ್ತಿದ್ದರು. ಆಮೇಲೆ ಒಂದು 'ಆದ್ರೆ' ಬರುತ್ತಿತ್ತು. ಬಾಯ್ತುಂಬ ಹೊಗಳಿ, ಬಾಯಿ ಒರೆಸಿಕೊಳ್ಳುವಾಗ ಬರುವ 'ಆದ್ರೆ'. "ಆದ್ರೆ ಎಲ್ಲಾ ಬಿಸಿಬಿಸಿ ದ್ವಾಸೆ ಕಣಪ್ಪ, ಆರಿದ್ರೆ ಮುಗೀತು. ಗಂಟ್ಲಿಗ್ ಅಳ್ತೆ ತಗಂಡು ಒಲಿಯಾ ದರ್ಜಿ ಇವ್ನು!" ಎಂದು ತಿಮ್ಮಯ್ಯನವರು ಅಪ್ಪನ ಬೆನ್ನಿಗೆ ಗುದ್ದಿದರೆ ಮನೆ ತುಂಬ ನಗು. ಅಪ್ಪನೂ ನಗುತ್ತಿದ್ದ. ಶಿವಲಿಂಗಯ್ಯನವರು ನಗುತ್ತಲೂ ಇರಲಿಲ್ಲ, ಇಲ್ಲ ಅನ್ನುತ್ತಲೂ ಇರಲಿಲ್ಲ. ಅಪ್ಪ ನಗುನಗುತ್ತಲೇ ಅವರ ಮುಖ ನೋಡುತ್ತಿದ್ದ. ನಾನು ಅವನ ಮುಖ ನೋಡುತ್ತಿದ್ದೆ.

ನನಗೆ ಹತ್ತು ತುಂಬಿದ ವರ್ಷ ನಮ್ಮ ಮನೆಯ ಹಿಂದಿನ ಗೋಡೆ ಮಳೆಗೆ ಕುಸಿಯಿತು. ಆ ವರ್ಷ ಪೂಜೆ ನಮ್ಮಲ್ಲಿಟ್ಟುಕೊಳ್ಳುತ್ತೇನೆ ಎಂದು ಶಿವಲಿಂಗಯ್ಯ ಮೇಷ್ಟ್ರು ಅರಕಲಗೂಡಿನಿಂದ ಹೇಳಿಕಳಿಸಿದರು. ಅಪ್ಪನ ಖುಷಿ ನೋಡಬೇಕಿತ್ತು. ಪೆಟ್ಟಿಗೆ ಬಿಚ್ಚಿ ಕೂತ. ಬೆರಳಿಡುವ ಒಂದೊಂದು ಸ್ವರದ ಮನೆಯನ್ನೂ ಬಟ್ಟೆಯಲ್ಲಿ ಒರೆಸಿದ, ಹಿತ್ತಾಳೆ ಹಿಡಿಗಳನ್ನು ಹುಣಸೆಹಣ್ಣಲ್ಲಿ ತಿಕ್ಕಿದ. ಅವ್ವನಿಗೆ ಎಲ್ಲವೂ ಗೊತ್ತಾಗಿತ್ತು. ತನ್ನ ಧಾರೆ ಸೀರೆಯ ಸೆರಗು ಕತ್ತರಿಸಿ ಪೆಟ್ಟಿಗೆಗೆ ಹೊದಿಕೆ ಹೊಲಿದಳು. ಕತ್ತರಿ ಹಾಕುವಾಗ ನಾನು ಅಯ್ಯೋ ಅಂದೆ. "ಸುಮ್ಕಿರು. ಈಸಲ ನಿಮ್ಮಪ್ಪ ಮನೆಯವ್ನಲ್ಲ, ನೆಂಟ. ಮುಂದ್ಗಡೆ ಇಡ್ತಾರೆ, ಎಲ್ರ ಕಣ್ಣಿಗೂ ಬೀಳ್ತದೆ" ಎಂದಳು. ಮನೆಯವನಲ್ಲದ ಕಡೆ ತನ್ನ ನಿಜವಾದ ಜಾಗ ಯಾವುದು ಅಂತ ತಿಳಿಯುತ್ತದೆ ಅಂತ ಅಪ್ಪನೂ ಅಂದುಕೊಂಡಿದ್ದಿರಬೇಕು. ನನ್ನನ್ನೂ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಎರಡು ಮೂರು ಸಲ ಕಿಟಕಿಯಿಂದ ತಲೆ ಹೊರಗೆ ಹಾಕಿ ಬಸ್ಸಿನ ಮೇಲೆ ಹೊದಿಕೆ ಹಾರಿಹೋಗಿಲ್ಲ ತಾನೆ ಅಂತ ನೋಡಿದ.

ಶಿವಲಿಂಗಯ್ಯನವರ ಮನೆಯ ಪಡಸಾಲೆ ನಮ್ಮದಕ್ಕಿಂತ ದೊಡ್ಡದು. ನಾವು ಹೋಗುವಷ್ಟರಲ್ಲಿ ಸಾಲು ನಿಂತಿತ್ತು. ದೇವರ ಪಕ್ಕದಲ್ಲಿ ಶಿವಲಿಂಗಯ್ಯನವರದ್ದೇ ಪೆಟ್ಟಿಗೆ. ಮನೆಯವರು ಕೊನೆಗೆ ಅನ್ನುವ ನಿಯಮ ಅವರಿಗೆ ನೆನಪೇ ಆಗಿರಲಿಲ್ಲ. ಅದು ನಿಯಮವೇ ಆಗಿರಲಿಲ್ಲವಲ್ಲ, ನಮ್ಮಪ್ಪನ ಒಳ್ಳೆಯತನ ಆಗಿತ್ತು. ಅಪ್ಪ ಪೆಟ್ಟಿಗೆ ಹೊತ್ತು ಪಡಸಾಲೆಯ ನಡುವೆ ನಿಂತ. ಹೊದಿಕೆಯ ಜರಿ ಬೆಳಕಿಗೆ ಹೊಳೆಯಿತು. ಶಿವಲಿಂಗಯ್ಯನವರು ಎದ್ದು ಬಂದು ಅವನ ಭುಜ ಮುಟ್ಟಿ, ಕೇಳುವವರಿಗೆಲ್ಲ ಕೇಳುವ ಹಾಗೆ, ಅಕ್ಕರೆಯಿಂದಲೇ ಅಂದರು: "ಬಾರಯ್ಯ ರಂಗಪ್ಪ. ನಿನ್ ಜಾಗ ನಿಂಗೆ ಬುಟ್ಟಿದೀವಿ ನೋಡು." ಕೈ ತೋರಿಸಿದ್ದು ಹೊಸಿಲ ಕಡೆಗೆ. ಅಲ್ಲಿ ಒಂದು ಪೆಟ್ಟಿಗೆಯಷ್ಟು ಜಮಖಾನ ಖಾಲಿ ಇತ್ತು, ಆಚೆಗೆ ಚಪ್ಪಲಿಗಳು. ಅವಮಾನ ಮಾಡಬೇಕು ಅಂತ ಮಾಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಪ್ರೀತಿಯಿಂದ ಮಾಡಿದರು, ಹದಿಮೂರು ಜನ ಪ್ರೀತಿಯಿಂದ ನೋಡಿದರು. ಅಪ್ಪ ಒಂದು ಕ್ಷಣ ನಿಂತ. ಆಮೇಲೆ ನಡೆದುಹೋಗಿ ಪೆಟ್ಟಿಗೆ ಅಲ್ಲಿಟ್ಟು, ಹೊದಿಕೆ ತೆಗೆದು, ನಾಲ್ಕಾಗಿ ಮಡಚಿ ನನ್ನ ಕೈಗೆ ಕೊಟ್ಟ. ಆ ಮಧ್ಯಾಹ್ನ ಅವರು ಅಪ್ಪನನ್ನು ಹೊಗಳಿದಷ್ಟು ಯಾವತ್ತೂ ಹೊಗಳಿರಲಿಲ್ಲ. ಮಾತು ಕಡಿಮೆಯ ಶಿವಲಿಂಗಯ್ಯನವರೂ ಬಾಯಿಬಿಟ್ಟು, "ಸಂಖ್ಯೇಲಿ ರಂಗಪ್ಪನ್ನ ಮೀರ್ಸೋರು ಈ ಜಿಲ್ಲೇಲೇ ಇಲ್ಲ" ಅಂದರು. ಸಂಖ್ಯೆಯಂತೆ, ಸಂಖ್ಯೆ! ಬೋರೇಗೌಡರ ನಾಲ್ಕು ಸ್ವರದ ಮಟ್ಟು ಇವರ ಬಾಯಲ್ಲೇ ಇತ್ತಲ್ಲ, ಅದು ಯಾವ ಸಂಖ್ಯೆ?

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಕಿಟಕಿಯ ಪಕ್ಕ ಕೂತ. ಹೊರಗೆ ಭತ್ತದ ಗದ್ದೆಗಳ ಮೇಲೆ ಇಳಿಹೊತ್ತಿನ ಬಿಸಿಲು. ಊರು ಹತ್ತಿರ ಬಂದಾಗ ನನ್ನ ಕಡೆ ತಿರುಗಿ, "ಅವ್ರು ನನ್ನ ವಗಳಿದ್ದು ಕೇಳಿಸ್ಕಂಡ್ಯಾ ಮಗ?" ಎಂದ. ಕೇಳಿಸಿಕೊಂಡೆ ಅಂದೆ. "ಸಂದಾಗಿ ವಗಳಿದ್ರು, ಅಲ್ವಾ?" ಎಂದ. ಅಷ್ಟಕ್ಕೆ ಹೂಂ ಅಂದು ಸುಮ್ಮನಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಹತ್ತು ವರ್ಷದ ಬಾಯಿ, ತಡೆಯಲಿಲ್ಲ. "ಅಂಗಾರೆ ಕೊನೇಲಿ ಯಾಕ್ ಇಡಿಸುದ್ರು?" ಎಂದೆ. ಅಪ್ಪ ನನ್ನ ತೊಡೆಯ ಮೇಲಿದ್ದ ಹೊದಿಕೆಯನ್ನು ತೆಗೆದುಕೊಂಡು, ಅದರ ಜರಿಯಂಚನ್ನು ಹೆಬ್ಬೆರಳಲ್ಲಿ ಸವರುತ್ತ ಕೂತ. ಮನೆಗೆ ಹೋದ ಮೇಲೆ ಅವ್ವ ಅದನ್ನು ಅಪ್ಪನ ಕೈಯಿಂದ ಇಸಿದುಕೊಂಡಳು. ಹೊದಿಕೆಯನ್ನು ಟ್ರಂಕಿನಲ್ಲಿಟ್ಟಳು, ಮತ್ತೆ ತೆಗೆಯಲಿಲ್ಲ.

ಮರುವರ್ಷ ಗೋಡೆ ಎದ್ದಿತ್ತು, ಆದರೆ ಪೂಜೆ ಅರಕಲಗೂಡಿನಲ್ಲೇ ಉಳಿಯಿತು. ಅಪ್ಪ ಇನ್ನೂ ಕೆಲವು ವರ್ಷ ಹೋದ, ಹೊಸಿಲ ಹತ್ತಿರವೇ ಇಟ್ಟು ಬಂದ, ಆಮೇಲೆ ಬಿಟ್ಟ. ಮಟ್ಟು ಮಾಡುವುದನ್ನು ಬಿಡಲಿಲ್ಲ. ನಾನು ಚನ್ನರಾಯಪಟ್ಟಣದ ಶಾಲೆಯಲ್ಲಿ ಮೇಡಂ ಆಗಿ ಕೆಲಸಕ್ಕೆ ಸೇರಿದ ಮೇಲೂ, ರಜೆಗೆ ಮನೆಗೆ ಹೋದರೆ ಯಾವುದಾದರೂ ಹಳ್ಳಿಯ ಗಂಟಲೊಂದು ಅವನ ಗಂಟಲಲ್ಲಿ ಕೂತಿರುತ್ತಿತ್ತು. ಕಡೆಯ ವರ್ಷ ದಸರಾ ರಜೆಯಲ್ಲಿ ಹೋದಾಗ ಅಪ್ಪನಿಗೆ ನಿಲ್ಲುವ ಶಕ್ತಿ ಇರಲಿಲ್ಲ. ಆಯುಧಪೂಜೆಯ ಬೆಳಿಗ್ಗೆ ನಾನು ಬೇಕೆಂದೇ ಅವನ ಪೆಟ್ಟಿಗೆಯನ್ನು ದೇವರ ಗೂಡಿನ ಪಕ್ಕದಲ್ಲಿಟ್ಟೆ. ಟ್ರಂಕಿನಿಂದ ಹೊದಿಕೆ ತೆಗೆದು ಹೊದಿಸಿದೆ. ಯಾರಿದ್ದಾರೆ ತಡೆಯುವುದಕ್ಕೆ, ನೋಡೇಬಿಡೋಣ ಅನ್ನುವ ಹಠ ನನಗೆ. ಅಪ್ಪ ಕುರ್ಚಿಯಲ್ಲಿ ಕೂತು ನೋಡಿದ. ಮುಖ ಗಾಬರಿಯಾಯಿತು. "ಅಲ್ಲಲ್ಲ, ಅಲ್ಲಿ ಬ್ಯಾಡ ಕಣವ್ವ. ಜಮ್ಖಾನ ಆಸು. ನಂದು ಒಸ್ಲತ್ರ ಇಡು, ಮುಂದ್ಕೆ ಜಾಗ ಬುಡು" ಎಂದ. "ಯಾರೂ ಬರಲ್ಲ ಕಣಪ್ಪ" ಎಂದೆ. "ಬತ್ತಾರೆ. ಬಂದ್ರೆ ಎಲ್ಲಿಡ್ತಾರೆ?" ಎಂದ.

ಹಾಸಿದೆ. ದೇವರಿಂದ ಹೊಸಿಲವರೆಗೆ ಉದ್ದಕ್ಕೂ ಖಾಲಿ ಜಮಖಾನ, ಕೊನೆಯಲ್ಲಿ ಒಂದು ಪೆಟ್ಟಿಗೆ. ಹನ್ನೆರಡು ಗಂಟೆಯವರೆಗೆ ಕಾದೆವು. ಅವ್ವ ಒಳಗೆ ಪಾತ್ರೆಗಳನ್ನು ಸುಮ್ಮನೆ ಎತ್ತಿ ಇಳಿಸುತ್ತಿದ್ದಳು. ಕೊನೆಗೆ ನಾನೇ ಕರ್ಪೂರ ಹಚ್ಚಿಕೊಂಡು ನೇರ ಅಪ್ಪನ ಪೆಟ್ಟಿಗೆಯ ಕಡೆ ಹೊರಟೆ. "ಮೊದ್ಲಿಂದ ಬಾ ಮಗ" ಎಂದ. ಹಿಂದಕ್ಕೆ ಹೋದೆ. ಖಾಲಿ ಜಾಗಕ್ಕೆ ಮೂರು ಸುತ್ತು. "ಇದು ಶಿವಲಿಂಗಯ್ಯುಂದು" ಎಂದ. ಒಂದು ಹೆಜ್ಜೆ ಮುಂದೆ. "ಇದು ತಿಮ್ಮಯ್ಯುಂದು." ಒಂದೊಂದು ಜಾಗಕ್ಕೂ ಹೆಸರು ಹೇಳುತ್ತ ಬಂದ, ತೀರಿಹೋದವರನ್ನೂ ಬಿಡಲಿಲ್ಲ. ಬೇಗ ನಡೆದುಬಿಡೋಣ ಅಂದರೆ ಬಿಡಲಿಲ್ಲ, ಪ್ರತಿಯೊಬ್ಬರೂ ಕಣ್ಣಿಗೊತ್ತಿಕೊಳ್ಳುವಷ್ಟು ಹೊತ್ತು ನಿಲ್ಲಿಸಿದ. ಅವನ ಪೆಟ್ಟಿಗೆಗೆ ಬರುವ ಹೊತ್ತಿಗೆ ಕರ್ಪೂರ ಆರಿತ್ತು. "ಇನ್ನೊಂದ್ ಬಿಲ್ಲೆ ಹಾಕ್ತೀನಿ ಇರಪ್ಪ" ಎಂದೆ. "ಸಾಕ್ ಬುಡು, ಬಿಸಿ ಅದೆ" ಎಂದ. ತಣ್ಣಗಾಗುತ್ತಿದ್ದ ತಟ್ಟೆಯ ಮೇಲೆ ಎರಡೂ ಅಂಗೈ ಹಿಡಿದು ಕಣ್ಣಿಗೊತ್ತಿಕೊಂಡ. ಸಂಕ್ರಾಂತಿಗೆ ಮುಂಚೆ ಹೋದ. ತಿಥಿಗೆ ಉಳಿದಿದ್ದ ಮೇಷ್ಟ್ರುಗಳೆಲ್ಲ ಬಂದರು. ಊಟೆ ಅಂದರು, ಸರದಾರ ಅಂದರು, ಇನ್ನು ಇಂಥವನು ಹುಟ್ಟುವುದಿಲ್ಲ ಅಂದರು. ಆವತ್ತು ಯಾರೂ 'ಆದ್ರೆ' ಅನ್ನಲಿಲ್ಲ.

ನಿನ್ನೆ ಮಹೇಶನಿಗೆ ಫೋನ್ ಮಾಡಿದೆ. ಪೆಟ್ಟಿಗೆ ಬರುವುದಿಲ್ಲ ಎಂದೆ. "ಯಾಕಕ್ಕ, ಮೊದಲ್ನೇ ಜಾಗ ಕಣಕ್ಕ! ನಮ್ಮಪ್ಪುಂದ್ನೇ ಎರಡ್ನೇದಕ್ಕೆ ಇಡ್ತಾ ಇದೀವಿ" ಎಂದು ಗೋಗರೆದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಬಾಯಿಗೆ ಬಂದದ್ದನ್ನು ನುಂಗಲೂ ಇಲ್ಲ. "ಮಹೇಶ, ನಮ್ಮಪ್ಪ ಕೊನೇ ಸಲ ನಿಮಗೆಲ್ಲ ಜಾಗ ಬಿಟ್ಟು ಕಾಯ್ತಿದ್ರು. ಮೊದಲ್ನೇ ಜಾಗ ನಿಮ್ಮಪ್ಪಂದೇ ಆಗಿತ್ತು. ಒಬ್ರೂ ಬರ್ಲಿಲ್ಲ" ಎಂದೆ. ನಾಡಿದ್ದು ಆಯುಧಪೂಜೆ. ಪೆಟ್ಟಿಗೆ ಒರೆಸಿಟ್ಟಿದ್ದೇನೆ, ಅವ್ವನ ಸೀರೆಯ ಹೊದಿಕೆ ಹೊದಿಸಿದ್ದೇನೆ. ಈ ಮನೆಯ ಹಾಲ್‌ನಲ್ಲಿ ಹದಿನಾಲ್ಕು ಪೆಟ್ಟಿಗೆಗೆ ಜಾಗವಿಲ್ಲ, ನಾನು ಜಮಖಾನ ಹಾಸುವುದೂ ಇಲ್ಲ. ಕರ್ಪೂರ ಹಚ್ಚಿದ ಕೂಡಲೇ ಅದು ನಮ್ಮಪ್ಪನ ಪೆಟ್ಟಿಗೆಗೆ ಹೋಗುತ್ತದೆ, ಇನ್ನೂ ಉರಿಯುತ್ತಿರುವಾಗ. ಕಣ್ಣಿಗೊತ್ತಿಕೊಳ್ಳಬೇಕಾದ ಅಂಗೈ ಮಾತ್ರ ಈಗಿಲ್ಲ.